ಹಕ್ಕಿ ಮುಟ್ಟಿದ ಹೂ

ಸಮಯ, ಸೂರ್ಯೋದಯಕ್ಕೆ ಮುನ್ನ. ಚೈತ್ರದ ಆರಂಭ, ಆಕಾಶ ನಿರ್ಮಲ, ಗಾಳಿಯಲ್ಲಿ ಇನ್ನೂ ತುಸು ಚಳಿ. ತುಂಗಭದ್ರೆಯ ದಡದ ಆ ಮನೆಯಲ್ಲಿ ಇದ್ದವರು ನಾಲ್ವರು: ಯಜಮಾನರಾದ ವಿರೂಪಾಕ್ಷ ದೀಕ್ಷಿತರು, ಅವರ ಧರ್ಮಪತ್ನಿ ತ್ರಿಪುರಮ್ಮ, ಹಿತ್ತಲ ಕಡೆಯ ಕಿಟಕಿಯ ಬಳಿ ಹಾಸಿಗೆ ಹಿಡಿದಿದ್ದ ಅವರ ಒಬ್ಬಳೇ ಮಗಳು ಕಾತ್ಯಾಯಿನಿ, ಮತ್ತು ಹಿಂದಿನ ಸಂಜೆ ದಯಮಾಡಿಸಿ, ಒಳಗಿನ ಹಾಸಿಗೆಯನ್ನು ಒಲ್ಲದೆ ಬಾವಿಕಟ್ಟೆಯ ಮೇಲೆಯೇ ತಂಗಿದ್ದ ಪೂಜ್ಯ ಪೂರ್ಣಬೋಧಾವಧೂತರು.

ಮಗುವಿಗೆ ಹನ್ನೊಂದು ವರ್ಷ. ವೈದ್ಯರು ಕೈಚೆಲ್ಲಿದ್ದರು. ದೀಕ್ಷಿತರು ಕೈಚೆಲ್ಲುವವರಲ್ಲ. ಮಗಳು ಉಳಿಯಲೆಂದು ದೇವಿಗೆ ಮಂಡಲ ಪೂಜೆಯನ್ನು ಸಂಕಲ್ಪಿಸಿ, ಹಿತ್ತಲ ದಾಸವಾಳವನ್ನು ದಿನವೂ ನಸುಕಿನಲ್ಲೇ ಕೊಯ್ಯುತ್ತಿದ್ದರು. ಒಂದನ್ನೂ ಉಳಿಸುತ್ತಿರಲಿಲ್ಲ. ಬೆಳಕು ಹರಿದರೆ ಸೂರಕ್ಕಿ ಬಂದು ಕೊಕ್ಕಿಡುತ್ತದೆ. ಕೊಕ್ಕಿಟ್ಟ ಹೂ ಎಂಜಲು. ಎಂಜಲು ದೇವಿಗೆ ಸಲ್ಲದು. ನಿಯಮ ಅಷ್ಟೆ.

ಮಗಳು ಕಣ್ಣು ತೆರೆಯುವ ಹೊತ್ತಿಗೆ ಗಿಡ ಬರಿದಾಗಿರುತ್ತಿತ್ತು. ಹಿಂದಿನ ವಸಂತದಲ್ಲಿ, ತಲೆಕೆಳಗಾಗಿ ತೂಗುತ್ತ ಮಕರಂದ ಹೀರುವ ಆ ಹೆಬ್ಬೆರಳುದ್ದದ ಹಕ್ಕಿಯನ್ನು ನೋಡಿ ಅದೇ ಗಿಡದ ಬುಡದಲ್ಲಿ ಕುಳಿತು ನಕ್ಕವಳು ಅವಳು. ಈ ವರ್ಷ ಹಕ್ಕಿ ಬರುತ್ತಿತ್ತು, ಎಲೆಗಳ ನಡುವೆ ಹುಡುಕುತ್ತಿತ್ತು, ಹಾರಿಹೋಗುತ್ತಿತ್ತು. "ಅಪ್ಪನ ಮಡಿಗೆ ಹಕ್ಕೀನೂ ಹೆದರ್ತದಮ್ಮಾ," ಎಂದು ತಾಯಿಗೆ ಹೇಳಿ ಗೋಡೆಯ ಕಡೆ ಹೊರಳಿದ್ದಳು. ಒಂದು ಬೆಳಗು ಹೂ ಕೊಯ್ಯದೆ ಬಿಡಬೇಕೆಂದು ತಂದೆಯನ್ನೂ ಒಮ್ಮೆ ಬೇಡಿದ್ದಳು. ಪೂಜೆ ಮುಗಿಯಲಿ ಎಂದಿದ್ದರು ಅವರು.

ಅಂದೂ ದೀಕ್ಷಿತರು ಮಿಂದು, ಒದ್ದೆ ಪಂಚೆಯಲ್ಲೇ ಬುಟ್ಟಿ ಹಿಡಿದು ಬಂದರು. ಗಿಡದ ಮುಂದೆ ಅವಧೂತರು ನಿಂತಿದ್ದರು. ದಾರಿ ಬಿಡಲಿಲ್ಲ. ಹಕ್ಕಿ ಮುಟ್ಟುವ ಮೊದಲು ಕೊಯ್ಯಬೇಕೆಂದು ದೀಕ್ಷಿತರು ವಿನಯದಿಂದಲೇ, ಆದರೆ ಬಿಗಿಯಾಗಿ, ಅರಿಕೆ ಮಾಡಿದರು. ಪೂಜೆಗೆ ಲೋಪ ಬಂದರೆ ಮಗುವಿನ ಗತಿಯೇನೆಂದು ಕೇಳುವಾಗ ಅವರ ಧ್ವನಿ ಒಡೆಯಿತು.

ಅವಧೂತರು ಕೇಳಿದರು: "ಮಗಳು ಉಂಡು ಬಿಟ್ಟ ತುತ್ತನ್ನು ನೀವು ಎಂದೂ ಉಂಡಿಲ್ಲವೆ, ದೀಕ್ಷಿತರೆ?"

ಹಿಂದಿನ ಸಂಜೆಯಷ್ಟೇ ಅವಳು ತುಟಿಗೆ ತಾಗಿಸಿ ಬಿಟ್ಟ ಗಂಜಿಯನ್ನು, ಮಡಿಯನ್ನೂ ಮರೆತು, ಅಡುಗೆಮನೆಯ ಮೂಲೆಯಲ್ಲಿ ನಿಂತು ಕುಡಿದಿದ್ದರು ದೀಕ್ಷಿತರು.

"ದೇವಿಯೂ ತಾಯಿ," ಎಂದರು ಅವಧೂತರು.

ಬುಟ್ಟಿ ಬರಿದಾಗಿಯೇ ಉಳಿಯಿತು. ಬಿಸಿಲು ಬಂತು. ಒಂದೊಂದೇ ಹೂ ಬಿರಿದು ಗಿಡವೆಲ್ಲ ಕೆಂಪಾಯಿತು. ದೀಕ್ಷಿತರು ಮಗಳನ್ನು ಎತ್ತಿ ತಂದು ತೊಡೆಯ ಮೇಲೆ ಕೂರಿಸಿಕೊಂಡರು. ತುಟಿಯಲ್ಲಿ ಜಪ ನಡೆದೇ ಇತ್ತು. ಸೂರಕ್ಕಿ ಬಂತು. ತಲೆಕೆಳಗಾಗಿ ತೂಗಿತು. "ಸದ್ದು ಮಾಡಬ್ಯಾಡ್ರಿ ಅಪ್ಪಾ," ಎಂದು ಮಗಳು ನಗುತ್ತಲೇ ತಂದೆಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಜಪ ನಿಂತಿತು. ಆ ಅಂಗೈ ಕಣ್ಣೀರಿನಿಂದ ತೊಯ್ದಿತು.

ಮಗು ಉಳಿಯುವುದೆಂದು ಅವಧೂತರು ಹೇಳಿರಲಿಲ್ಲ. ಹೊತ್ತೇರುವ ಮುನ್ನವೇ ಅವರು ಹೊಳೆಯ ದಾರಿ ಹಿಡಿದಿದ್ದರು. ಮಧ್ಯಾಹ್ನ ಕಾತ್ಯಾಯಿನಿ ತಂದೆಯ ತೊಡೆಯ ಮೇಲೆಯೇ ಕಣ್ಣು ಮುಚ್ಚಿದಳು.

ನೆರೆಯವರು ಸೇರಿದರು. ಮಗುವಿನ ಮೇಲಿಡಲು ಹೂ ಬೇಕೆಂದು ಒಬ್ಬರು ಗಿಡಕ್ಕೆ ಕೈ ಚಾಚಿದರು. ದೀಕ್ಷಿತರು ಎದ್ದರು. ಬೆಳಿಗ್ಗೆ ಅವಧೂತರು ನಿಂತಿದ್ದಲ್ಲಿಯೇ, ಗಿಡಕ್ಕೆ ಬೆನ್ನು ಮಾಡಿ ನಿಂತರು. ಮಂತ್ರ ಹೇಳುವಷ್ಟೇ ಸ್ಪಷ್ಟವಾಗಿ ನುಡಿದರು:

"ಕೊಯ್ಯಬೇಡಿ. ಇವು ಬೆಳಿಗ್ಗೆಯೇ ದೇವಿಗೆ ಸಂದಿವೆ. ಸಂದ ಹೂವನ್ನು ಮತ್ತೆ ಅರ್ಪಿಸುವಂತಿಲ್ಲ."