ಎರಡನೆಯ ಮೈಕು

"ಗುರುಗಳೇ, ಸಾವಿರಾರು ಜನ ಮೆಚ್ಚಿಕೊಂಡ ಮೇಲೂ ಮಾತಿನ ಖಾರ ಉಳಿಸಿಕೊಳ್ಳುವುದು ಸಾಧ್ಯವೇ?"

ಕೇಳಿದ ಶಿಷ್ಯ ಈಗ ಹೆಸರಾದ ಪ್ರವಚನಕಾರ. ಎಷ್ಟು ದೊಡ್ಡ ಪೆಂಡಾಲು ಹಾಕಿದರೂ ಅವನ ಜನಕ್ಕೆ ಸಾಲುತ್ತಿರಲಿಲ್ಲ. ನಾಲ್ಕು ವರ್ಷದ ಮೇಲೆ ಮಠಕ್ಕೆ ಬಂದಿದ್ದ. ಒಂದು ಪಂಕ್ ರಾಕ್ ತಂಡದ ಕತೆ ಹೇಳುತ್ತೇನೆ, ಕೇಳು, ಎಂದರು ಗುರುಗಳು. ಅವರ ಬಾಯಲ್ಲಿ ಆ ಮಾತು ಕೇಳಿ ಶಿಷ್ಯ ತಬ್ಬಿಬ್ಬಾದ. ಸ್ವಾಮಿಗಳಿಗೂ ಕಿವಿ ಇರುತ್ತದಪ್ಪ ಎಂದು ನಕ್ಕು ಅವರು ಶುರು ಮಾಡಿದರು.

ಒಂದು ಊರಿನ ಹತ್ತಿ ಗಿರಣಿಗೆ ಮಾಲೀಕ ಒಂದು ದಿನ ಬೀಗ ಹಾಕಿದ. ಹೊರಗೆ ಉಳಿದ ಕೆಲಸಗಾರರಲ್ಲಿ ಮೂವರು ಸೇರಿ ಒಂದು ತಂಡ ಕಟ್ಟಿದರು. ಒಬ್ಬ ಫಿಟ್ಟರು, ಒಬ್ಬ ಹಮಾಲಿ, ನೂಲುವ ಯಂತ್ರದ ಮುಂದೆ ನಿಲ್ಲುತ್ತಿದ್ದ ಒಬ್ಬ ಹೆಂಗಸು. ತಂಡಕ್ಕೆ 'ಬೀಗಮುದ್ರೆ' ಎಂದು ಹೆಸರಿಟ್ಟರು. ಪಂಕ್ ಎಂದರೆ ಸಿಟ್ಟನ್ನು ಕೂಗಿ ಹೇಳುವ ಹಾಡು, ಅದಕ್ಕೆ ನಯ ನಾಜೂಕು ಬೇಕಿಲ್ಲ. ಫಿಟ್ಟರಿಗೆ ಗಿಟಾರಿನ ತಂತಿ ಒತ್ತುವ ಮೂರೇ ಪಟ್ಟು ಗೊತ್ತಿದ್ದವು. ಹಮಾಲಿ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದ್ದವನು. ಹೆಂಗಸಿನ ಹೊಟ್ಟೆಯಲ್ಲಿ ಸಿಟ್ಟಿತ್ತು, ಹಾಗಾಗಿ ಅವಳು ಹಾಡಿದಳು. ಗಿರಣಿಯ ಮುಂದೆ ಧರಣಿ ಕೂತವರು ಕೂಗುತ್ತಿದ್ದ 'ಗೇಟು ತೆಗೀರಿ' ಎಂಬುದೇ ಅವರ ಮೊದಲ ಹಾಡು. ಆ ಎರಡು ಮಾತು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

ಅವರಲ್ಲಿ ಒಂದು ಪದ್ಧತಿ ಇತ್ತು. ವೇದಿಕೆಯ ಅಂಚಿಗೆ ಎರಡನೆಯ ಮೈಕೊಂದನ್ನು ಖಾಲಿ ನಿಲ್ಲಿಸುತ್ತಿದ್ದರು. ಕೇಳಲು ಬಂದವರಲ್ಲಿ ಯಾರು ಬೇಕಾದರೂ ಮೇಲೆ ಹತ್ತಿ, ಅದರಲ್ಲಿ ತಂಡವನ್ನೇ ಬೈಯಬಹುದು. ಅವರು ಮುಗಿಸುವ ತನಕ ಡ್ರಮ್ ನಿಲ್ಲುವಂತಿಲ್ಲ. ಮಾಲೀಕನನ್ನು ಬೈಯುವ ನಾವು ಬೈಸಿಕೊಳ್ಳಲೂ ಬೇಕು ಎನ್ನುತ್ತಿದ್ದಳು ಹೆಂಗಸು. ಒಬ್ಬ ಮುದುಕ ಹತ್ತಿ ಬಂದು, ನಿನಗೆ ಹಾಡಲಿಕ್ಕೇ ಬರುವುದಿಲ್ಲ ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಹಮಾಲಿ ಬಾರಿಸುತ್ತಲೇ ಇದ್ದ.

ಹಾಡು ಊರು ದಾಟಿತು. ರೇಡಿಯೋದಲ್ಲಿ ಬಂತು, ಮದುವೆ ಮನೆಗಳಿಗೂ ಹೋಯಿತು. ಕೊನೆಗೆ ಅದೇ ಗಿರಣಿ ಮಾಲೀಕನ ಮೊಮ್ಮಗನ ಹುಟ್ಟುಹಬ್ಬದಲ್ಲಿ 'ಗೇಟು ತೆಗೀರಿ' ಹಾಕಿಕೊಂಡು ಕುಣಿದರಂತೆ. ಒಂದು ದೊಡ್ಡ ಕಂಪನಿ ತಂಡದ ಕಾರ್ಯಕ್ರಮಗಳನ್ನು ವಹಿಸಿಕೊಂಡಿತು. ಕಂಪನಿಯವರಿಗೆ ಎರಡನೆಯ ಮೈಕು ಬಹಳ ಹಿಡಿಸಿತು. ಆದರೆ ಹತ್ತು ಸಾವಿರ ಜನರಲ್ಲಿ ಯಾರು ಹತ್ತುತ್ತಾರೋ ಏನೋ ಎಂದು ಮೊದಲು ಹತ್ತಬಹುದಾದವರ ಒಂದು ಪಟ್ಟಿ ಮಾಡಿದರು. ಆಮೇಲೆ ಪಟ್ಟಿಯ ರಗಳೆಯೇ ಬೇಡವೆಂದು ನಾಟಕದವನೊಬ್ಬನನ್ನು ಗೊತ್ತು ಮಾಡಿದರು. ಅವನು ಸೊಗಸಾಗಿ ಬೈಯುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು.

ಮೈಕು ಮಾತ್ರ ಅದೇ ಹಳೆಯದು, ತಲೆ ನೆಗ್ಗಿದ್ದು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅದು ಊರೂರಿಗೆ ಹೋಗುತ್ತಿತ್ತು. ಅದು ಜೊತೆಗಿರುವ ತನಕ ನಾವು ಬದಲಾಗಿಲ್ಲ ಎಂದು ಹೆಂಗಸು ನಂಬಿದ್ದಳು. ಅವಳದು ಬೂಟಾಟಿಕೆಯಲ್ಲ, ನಿಜವಾಗಿಯೂ ನಂಬಿದ್ದಳು.

ಹೀಗಿರುವಾಗ ತಂಡ ತನ್ನ ಊರಿಗೇ ಬಂತು. ಕ್ರೀಡಾಂಗಣ ತುಂಬಿತ್ತು. ವೇದಿಕೆಯ ಮುಂದೆ ಕಬ್ಬಿಣದ ಬೇಲಿ, ಬೇಲಿಗೊಂದು ಗೇಟು, ಗೇಟಿಗೆ ಕಾವಲುಗಾರರು. ಹಾಡು ಇನ್ನೂ ಶುರುವಾಗಿರಲಿಲ್ಲ. ಯಾರೋ ಒಬ್ಬಳು ಗೇಟಿನ ಸರಳು ಹಿಡಿದುಕೊಂಡು 'ಗೇಟು ತೆಗೀರಿ' ಎಂದು ಕೂಗಿದಳು. ಸುತ್ತಲಿನವರು ಅದನ್ನು ಹಾಡೆಂದೇ ತಿಳಿದು ದನಿಗೂಡಿಸಿದರು. ಕ್ರೀಡಾಂಗಣವೆಲ್ಲ ಕೂಗಿತು. ಕಾವಲುಗಾರನೂ ತಾಳಕ್ಕೆ ತಲೆಯಾಡಿಸಿದ. ವೇದಿಕೆಯ ಮೇಲಿದ್ದ ಹೆಂಗಸಿಗೆ ಖುಷಿಯಾಯಿತು. ಕೂಗುತ್ತಿದ್ದವಳ ಕಡೆಗೆ ಕೈ ಬೀಸಿದಳು. ಆಮೇಲೆ ಅವಳ ಮುಖ ನೋಡಿದಳು. ಗಿರಣಿಯಲ್ಲಿ ತನ್ನ ಪಕ್ಕದ ಯಂತ್ರಕ್ಕೆ ನಿಲ್ಲುತ್ತಿದ್ದ ಹನುಮಕ್ಕ. ಅವಳು ಹಾಡುತ್ತಿರಲಿಲ್ಲ.

ಹೆಂಗಸಿಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೂ ವೇದಿಕೆಯಿಂದ ಇಳಿದು, ಗೇಟನ್ನು ತಾನೇ ತೆಗೆದು, ಹನುಮಕ್ಕನ ಕೈ ಹಿಡಿದು ಎರಡನೆಯ ಮೈಕಿನ ಮುಂದೆ ನಿಲ್ಲಿಸಿದಳು. ನಾಟಕದವನಿಗೆ ಕೂತುಕೋ ಎಂದಳು. ಹಮಾಲಿ ಡ್ರಮ್ ಬಾರಿಸತೊಡಗಿದ.

"ತಂಗೀ, ಗಿರಣಿ ಗೇಟಿನ ಮುಂದೆ ನಾವಿನ್ನೂ ಕೂತೇ ಇದೀವಿ. ನಮ್ಮ ಕೂಗು ನಿನ್ನ ಹಾಡಾಯ್ತು, ಸಂತೋಷ. ನೀನು ಮಾತ್ರ ಒಂದ್ ದಿನಾನೂ ಬರಲಿಲ್ಲ. ಇವತ್ತು ನಿನ್ನ ಗೇಟಿನ ಮುಂದೇನೂ ಅದನ್ನೇ ಕೂಗಿದೆ. ಎಲ್ಲಾರೂ ನನ್ ಜೊತೆ ಹಾಡಿದ್ರೇ ಹೊರತು ಯಾರೂ ತೆಗೀಲಿಲ್ಲ."

ಯಾರೂ ನಗಲಿಲ್ಲ. ಹಮಾಲಿಯ ಕೈ ನಿಂತುಹೋಯಿತು. ಪದ್ಧತಿ ಶುರುವಾದಂದಿನಿಂದ ಡ್ರಮ್ ನಿಂತದ್ದು ಅದೇ ಮೊದಲು. ಹೆಂಗಸು ಅವನ ಕೈಯಿಂದ ಕೋಲು ತೆಗೆದುಕೊಂಡು ತಾನೇ ಬಾರಿಸಿದಳು. ಲಯ ತಪ್ಪಿತು, ಕಣ್ಣಲ್ಲಿ ನೀರು ಬಂತು, ಆದರೂ ಹನುಮಕ್ಕ ಸಾಕು ಎನ್ನುವ ತನಕ ನಿಲ್ಲಿಸಲಿಲ್ಲ. ಇನ್ನು ಮುಂದೆ ಬೈಯುವವರನ್ನು ಗೊತ್ತು ಮಾಡುವುದಿಲ್ಲ ಎಂದು ಕಂಪನಿಯವರಿಗೆ ಅಲ್ಲೇ ಹೇಳಿದಳು. ಹಾಗಾದರೆ ದೊಡ್ಡ ಸಭಾಂಗಣ ಸಿಗುವುದಿಲ್ಲ ಎಂದರು ಅವರು. ಸಿಕ್ಕಿದ ಕಡೆ ಹಾಡುತ್ತೇವೆ ಎಂದಳು. ಮಾರನೆಯ ಬೆಳಿಗ್ಗೆ ಮಖಮಲ್ಲಿನ ಪೆಟ್ಟಿಗೆಯನ್ನು ಬಿಟ್ಟು, ಬರೀ ಮೈಕು ಹಿಡಿದುಕೊಂಡು ಗಿರಣಿ ಗೇಟಿಗೆ ಹೋದಳು. ಆಮೇಲೂ ಅವರ ಹಾಡಿಗೆ ಜನ ಬಂದರು, ಕೆಲವರು ಬೈಯುವುದಕ್ಕೆಂದೇ ಬಂದರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು.

"ನೀವು ಕಲಿಸಿದ್ದನ್ನು ನಾನೂ ಬಿಟ್ಟಿಲ್ಲ ಗುರುಗಳೇ. ಎಷ್ಟೇ ದೊಡ್ಡ ಸಭೆಯಾದರೂ ಕೊನೆಗೆ ಜನರ ಪ್ರಶ್ನೆಗಳ ಚೀಟಿ ತರಿಸಿ ಉತ್ತರ ಕೊಟ್ಟೇ ಏಳುತ್ತೇನೆ."

"ಆ ಚೀಟಿಗಳನ್ನು ಆರಿಸುವವರು ಯಾರಪ್ಪ?" ಎಂದರು ಗುರುಗಳು.