ನೆಗ್ಗಿಲು ನೆಲ ಬಿಟ್ಟು ಏಳದಿರುವುದು ಯಾಕೆ

ಭೂಮಿ ಇನ್ನೂ ಹೊಸದಾಗಿತ್ತು. ಗುಡ್ಡಗಳು ತಾವು ಕೂತ ಜಾಗ ಸರಿಯಿದೆಯೋ ಇಲ್ಲವೋ ಎಂದು ಆಗಾಗ ಮಗ್ಗುಲು ಬದಲಿಸುತ್ತಿದ್ದವು. ಹೊಳೆಗೆ ಸರಿಯಾಗಿ ದಾರಿ ಗೊತ್ತಿರಲಿಲ್ಲ; ಎದುರಿಗೆ ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಗಾಳಿ, ಮರ, ಕುರಿ, ಮನುಷ್ಯರು, ಎಲ್ಲರೂ ಒಂದೇ ಮಾತು ಆಡುತ್ತಿದ್ದರು.

ಆಗ ಊರುಗಳಿರಲಿಲ್ಲ. ಕುರಿ ಕಾಯುವವರು ಮೇವು ಇದ್ದಲ್ಲಿಗೆ ನಡೆಯುತ್ತಿದ್ದರು. ಹುಲ್ಲು ಮುಗಿಯಿತೆಂದರೆ ಕಂಬಳಿ ಹೆಗಲಿಗೆ, ಮಡಕೆ ತಲೆಗೆ, ಮತ್ತೆ ನಡಿಗೆ.

ಜಕ್ಕವ್ವನೂ ಹಾಗೆ ನಡೆಯುವವಳೇ. ಅವಳ ಗಂಡ ಮಾಳಪ್ಪ. ಇಬ್ಬರಿಗೂ ಒಬ್ಬಳೇ ಮಗಳು, ಕೆಂಚಿ. ಐದು ವರ್ಷದವಳು. ಹಿಂಡು ಹೊರಟರೆ ಕೆಂಚಿ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ಕಾಲು ಸೋತ ಮರಿಗಳ ಕಿವಿಯಲ್ಲಿ, "ಬಾ, ಬಾ, ನಿಮ್ಮವ್ವ ಮುಂದ ಹೋದಳು ನೋಡು" ಅನ್ನುತ್ತಿದ್ದಳು. ಮರಿಗಳು ಅವಳ ಮಾತು ಕೇಳುತ್ತಿದ್ದವು.

ಒಂದು ವರ್ಷ, ಮಳೆಗಾಲ ಶುರುವಾಗುವ ಹೊತ್ತಿಗೆ, ಅವರು ಒಂದು ಕರಿಮಣ್ಣಿನ ಬಯಲಿಗೆ ಬಂದು ಇಳಿದರು. ಎಂಥ ಬಯಲು ಅದು! ಕಣ್ಣು ಹರಿಯುವಷ್ಟು ದೂರಕ್ಕೂ ಒಂದು ಮರವಿಲ್ಲ. ಒಲೆಗೆ ಹೂಡಲು ಮೂರು ಕಲ್ಲು ಕೂಡ ಸಿಗಲಿಲ್ಲ.

ಅಲ್ಲಿ ಕೆಂಚಿಗೆ ಜ್ವರ ಬಂತು. ಮೊದಲ ದಿನ ಗಂಜಿ ಬೇಡವೆಂದಳು. ಎರಡನೆಯ ದಿನ ನೀರು ಬೇಡವೆಂದಳು. ಮೂರನೆಯ ದಿನ ಬೆಳಗ್ಗೆ ಜಕ್ಕವ್ವ ಮಗಳ ಹಣೆ ಮುಟ್ಟಿದರೆ ಜ್ವರ ಇಳಿದಿತ್ತು. ಒಂದು ಗಳಿಗೆ ಅವಳಿಗೆ ಸಂತೋಷವೇ ಆಯಿತು. ಆಮೇಲೆ ಗೊತ್ತಾಯಿತು.

ಮಾಳಪ್ಪ ನೆಲ ಅಗೆದ. ಜಕ್ಕವ್ವ ತನ್ನ ಕಂಬಳಿಯಲ್ಲೇ ಮಗಳನ್ನು ಸುತ್ತಿ ಮಲಗಿಸಿದಳು. ಮೇಲೆ ಮಣ್ಣು ಏರಿಸಿದರು. ಒಂದು ಪುಟ್ಟ ದಿಬ್ಬವಾಯಿತು. ಅಷ್ಟೇ.

ಮರುದಿನ ಕುರಿಗಳು ಹಸಿವಿನಿಂದ ಒದರತೊಡಗಿದವು. ಮಾಳಪ್ಪ ಹೆಂಡತಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಮೇವು ಮುಗದೈತಿ ಜಕ್ಕೀ. ಹೋಗೂಣು ಏಳು."

"ಹೋದರ, ತಿರುಗಿ ಬಂದಾಗ ಈ ಜಾಗ ಹೆಂಗ ಗುರುತು ಹಿಡೀಲಿ?" ಎಂದಳು ಜಕ್ಕವ್ವ. "ಒಂದು ಕಲ್ಲಿಲ್ಲ, ಗಿಡ ಇಲ್ಲ. ಈ ಕರಿಮಣ್ಣು ಮಳಿಗೆ ಉಬ್ಬತೈತಿ, ಬಿಸಲಿಗೆ ಬಾಯಿ ಬಿಡತೈತಿ. ದಿಬ್ಬ ಇರೂದಿಲ್ಲ. ನನ್ನ ಮಗಳು ಎಲ್ಲಿ ಮಲಗ್ಯಾಳ ಅಂತ ಯಾರನ್ನ ಕೇಳ್ಲಿ?"

ಹಿಂಡನ್ನು ಬಿಡುವಂತಿಲ್ಲ, ಹೆಂಡತಿಯನ್ನು ಎಳೆದೊಯ್ಯುವಂತಿಲ್ಲ. ಕೊನೆಗೆ ಒಂದು ಚೀಲ ನವಣೆ, ಒಂದು ಮಡಕೆ, ಹಾಲು ಕರೆಯುವ ಒಂದು ಕುರಿ, ಇಷ್ಟನ್ನು ಅವಳ ಹತ್ತಿರ ಬಿಟ್ಟ.

"ಎರಡು ಹುಣ್ಣಿಮಿ ಕಳೀಲಿ. ಬರ್ತೀನಿ. ಅಷ್ಟರಾಗ ಏನು ಗುರುತು ಮಾಡ್ತೀಯೋ ಮಾಡು."

ಹಿಂಡು ಹೋಯಿತು. ಧೂಳು ಕೂತಿತು. ಜಕ್ಕವ್ವ ಒಬ್ಬಳೇ ಉಳಿದಳು.

ಅವಳು ಮಡಕೆ ಎತ್ತಿಕೊಂಡು ಹೊಳೆಗೆ ಹೋದಳು. ಅರ್ಧ ದಿನದ ದಾರಿ. ಹೊಳೆ ಅವಳ ಮುಖ ನೋಡಿ ಹರಿಯುವುದನ್ನು ನಿಧಾನ ಮಾಡಿತು.

"ಯಾಕವ್ವಾ, ಕಣ್ಣು ಹಂಗ ಕೆಂಪಾಗ್ಯಾವು?"

ಜಕ್ಕವ್ವ ಎಲ್ಲ ಹೇಳಿದಳು.

"ಕಲ್ಲು ಕೊಡೂಣು ಅಂದರ ನನ್ನ ಹತ್ರ ಬರೇ ಉಸುಕು" ಎಂದಿತು ಹೊಳೆ. "ಆದರ ನನ್ನ ದಂಡಿ ಮ್ಯಾಲ ಹಳದಿ ಹೂವಿನ ಗಿಡ ಬೆಳೀತಾವು. ಮಳಿ ಬಿದ್ದ ಕೂಡಲೇ ಹುಟ್ತಾವು, ಬ್ಯಾಸಗಿಗೆ ಒಣಗಿ ಹೋಗ್ತಾವು. ಬೀಜ ಮಾತ್ರ ಉಳೀತಾವು. ವರ್ಷಾ ಅದೇ ಜಾಗದಾಗ ಮತ್ತ ಹುಟ್ತಾವು. ಒಯ್ಯಿ."

ಆ ಗಿಡಕ್ಕೆ ಆಗ ಹೆಸರಿರಲಿಲ್ಲ. ಸೊಂಟದೆತ್ತರ ನೆಟ್ಟಗೆ ನಿಲ್ಲುತ್ತಿತ್ತು. ಐದು ಎಸಳಿನ ಹಳದಿ ಹೂವು. ಬೀಜ ಎಳ್ಳಿನಂತೆ ನುಣುಪು, ಹಗುರ. ಜಕ್ಕವ್ವ ಒಂದು ಹಿಡಿ ಬೀಜ ಉದುರಿಸಿಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ದಿಬ್ಬದ ಮೇಲೆ ಬೀಜ ಚೆಲ್ಲಿದಳು. ಬೆನ್ನು ತಿರುಗಿಸುವಷ್ಟರಲ್ಲಿ ಗಾಳಿ ಬಂದು ಅಷ್ಟನ್ನೂ ಊದಿಕೊಂಡು ಹೋಯಿತು.

ಇನ್ನೊಮ್ಮೆ ಹೊಳೆಗೆ ಹೋಗಿ ಬೀಜ ಕಟ್ಟಿಕೊಂಡು ಬಂದಳು. ಈ ಸಲ ಬೆರಳಿನಿಂದ ಮಣ್ಣು ಕೆದರಿ, ಬೀಜ ಒಳಗಿಟ್ಟು, ಮೇಲೆ ಮಣ್ಣು ಮುಚ್ಚಿದಳು. ದಿನಾ ನೀರು ಹನಿಸಿದಳು. ಮೊಳಕೆ ಬಂತು. ಎಲೆ ಬಂತು. ಗಿಡ ಮೊಣಕಾಲುದ್ದ ನಿಂತಿತು. ಮೊದಲ ಮೊಗ್ಗು ಕಂಡ ದಿನ ಜಕ್ಕವ್ವ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಆ ಸಂಜೆಯೇ ಗಾಳಿ ಬಂದು ಎಲ್ಲ ಗಿಡಗಳ ಸೊಂಟ ಮುರಿಯಿತು.

ಜಕ್ಕವ್ವ ಎರಡೂ ಕೈಯಲ್ಲಿ ಮಣ್ಣು ತುಂಬಿ ಗಾಳಿಯ ಮುಖಕ್ಕೆ ಎರಚಿದಳು.

"ನಿನಗ ಮಕ್ಕಳಿಲ್ಲೇನೋ ಪಾಪೀ?"

"ಇಲ್ಲವ್ವಾ" ಎಂದಿತು ಗಾಳಿ. "ನನಗ ಯಾರೂ ಇಲ್ಲ. ನಾ ಬೇಕಂತ ಮಾಡಲಿಲ್ಲ. ನಿಂತದ್ದನ್ನ ತಳ್ಳೂದು, ಹಗುರ ಇದ್ದದ್ದನ್ನ ಹಾರಿಸೂದು ನನ್ನ ಹಣೆಬರಹ. ಈ ಬಯಲಾಗ ನಿಂತಿದ್ದು ನೀನು, ನಿನ್ನ ಗಿಡ, ಅಷ್ಟೇ. ನೆಲಾ ಹಿಡಿದು ಮಲಗಿದ್ದನ್ನ ನಾ ಮುಟ್ಟೂದಿಲ್ಲ. ನಿನ್ನ ಮಗಳ ಮೈಮ್ಯಾಲಿನ ಒಂದು ಕಾಳು ಮಣ್ಣನ್ನೂ ಎತ್ತಿಲ್ಲ ನೋಡು."

ಜಕ್ಕವ್ವ ಮತ್ತೆ ಹೊಳೆಗೆ ಓಡಿದಳು. ಅಲ್ಲಿ ನೋಡಿದರೆ ಹೊಳೆ ದಂಡೆ ಮೀರಿ, ಕೆಂಪಗೆ ಸೊಕ್ಕಿ ಹರಿಯುತ್ತಿತ್ತು. ಹಳದಿ ಹೂವಿನ ಒಂದು ಗಿಡವೂ ಉಳಿದಿರಲಿಲ್ಲ.

"ಮಳಿ ಬಂದರ ನನಗ ಮೈಮ್ಯಾಲ ಖಬರಿರೂದಿಲ್ಲವ್ವಾ" ಎಂದು ಹೊಳೆ ಮುಖ ಮರೆಸಿಕೊಂಡಿತು. "ಎಲ್ಲಾ ಕೊಚ್ಚಿ ಹೋಗಿಬಿಟ್ಟಾವು."

ಜಕ್ಕವ್ವ ಅಲ್ಲೇ ಕೂತು ಸೆರಗಿನ ಗಂಟು ಬಿಚ್ಚಿ ಕೊಡವಿದಳು. ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಬೀಜ ಅಂಗೈಗೆ ಬಿತ್ತು. ಲೋಕದಲ್ಲಿ ಆ ಗಿಡದ್ದು ಇನ್ನು ಉಳಿದದ್ದು ಅಷ್ಟೇ.

ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಂದಳು. ದಿಬ್ಬದ ನಡುವೆ ಊರಿದಳು. ಈ ಸಲ ಪಕ್ಕದಿಂದ ಏಳಲಿಲ್ಲ. ಮೊಳಕೆ ಕಣ್ಣುಬಿಟ್ಟು ಮೇಲಕ್ಕೆ ಚಾಚಿದಾಗ ಅವಳು ಅದರ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು.

"ಏಳಬ್ಯಾಡ, ಮಲಕೋ."

"ನಾ ಎದ್ದು ನಿಲ್ಲೋ ಜಾತಿ ಯವ್ವಾ" ಎಂದು ಮೊಳಕೆ ಸಣ್ಣ ದನಿಯಲ್ಲಿ ಹೇಳಿತು. "ಮಲಗಿದರ ನನಗ ಏನೂ ಕಾಣೂದಿಲ್ಲ. ಹೊಳೀ ಕಾಣೂದಿಲ್ಲ, ಗುಡ್ಡ ಕಾಣೂದಿಲ್ಲ."

"ಕಾಣೂದು ಬ್ಯಾಡ. ನಿನ್ನ ಕೆಳಗ ನನ್ನ ಕೂಸು ಐತಿ. ಅದನ್ನ ಅಪ್ಪಿಕೊಂಡು ಇರು. ನನಗ ಇನ್ನ ಆಗೂದಿಲ್ಲ, ನೀನಾದರೂ ಅಪ್ಪಿಕೋ."

ಮೊಳಕೆ ತಲೆ ಬಗ್ಗಿಸಿತು. ಆಮೇಲೆ ಮಲಗಿತು.

ದಿನಾ ಬೆಳಗ್ಗೆ ಅದು ತಲೆ ಎತ್ತಲು ನೋಡುತ್ತಿತ್ತು, ದಿನಾ ಜಕ್ಕವ್ವ ಅಂಗೈ ಇಡುತ್ತಿದ್ದಳು. ಹಾಗೆ ಒತ್ತಿ ಒತ್ತಿ, ಮೇಲೆ ಏಳಬೇಕಾದ ಗಿಡ ನಾಲ್ಕೂ ಕಡೆ ಹರಿಯಿತು. ದಿಬ್ಬದ ತಲೆಯಿಂದ ಕಾಲಿನವರೆಗೆ ಹಬ್ಬಿಕೊಂಡಿತು. ಗಾಳಿ ಬಂತು, ಮೇಲಿಂದ ಹಾದು ಹೋಯಿತು. ಮುಟ್ಟಲಿಲ್ಲ. ಒಂದು ಬೆಳಗ್ಗೆ ಹಳದಿ ಹೂವು ಬಿಟ್ಟಿತು, ಮಧ್ಯಾಹ್ನದ ಬಿಸಿಲಿಗೆ ಬಾಡಿತು. ಮರುದಿನ ಇನ್ನೊಂದು ಬಿಟ್ಟಿತು.

ಅಷ್ಟರಲ್ಲಿ ಎರಡನೆಯ ಹುಣ್ಣಿಮೆ ಕಳೆಯಿತು. ಮಾಳಪ್ಪ ಹಿಂಡಿನೊಂದಿಗೆ ಬಂದ. ಮಗಳ ಮೇಲೆ ಹಾಸಿದ್ದ ಹಸಿರನ್ನು ನೋಡಿ ಕಂಬಳಿಯ ಅಂಚಿನಿಂದ ಮುಖ ಮುಚ್ಚಿಕೊಂಡ. ಆದರೆ ಕುರಿಗಳು ಕೂಡ ಆ ಹಸಿರನ್ನು ನೋಡಿದವು. ಬೋಳು ಬಯಲಿನಲ್ಲಿ ಇದ್ದದ್ದು ಅದೊಂದೇ ಹಸಿರು. ಜಕ್ಕವ್ವ ಕೋಲು ಹಿಡಿದು ಇಡೀ ದಿನ ಅವನ್ನು ಅಟ್ಟಿದಳು.

"ನಾಳಿ ನೀ ಹೋಗ್ತೀ" ಎಂದಿತು ಗಿಡ. "ನನ್ನ ಕಾಯಿ ಇನ್ನೂ ಹಸೀ ಅದಾವು. ನಾಡಿದ್ದ ಇನ್ನೊಂದು ಹಿಂಡು ಬರತೈತಿ. ಬೀಜ ಸಹಿತ ಮೇದು ಹೋದರ ಮುಂದಿನ ವರ್ಷ ನಾ ಹುಟ್ಟೂದೆಲ್ಲಿಂದ? ನನಗೂ ಏನಾದರೂ ಕೊಟ್ಟು ಹೋಗು ಯವ್ವಾ."

ಹೊಳೆಯ ಆಚೆ ಒಂದು ಮುದಿ ಜಾಲಿಮರವಿತ್ತು. ಜಕ್ಕವ್ವ ಆ ಇರುಳೇ ಓಡಿ ಅದರ ಹತ್ತಿರ ಹೋಗಿ ಕೈ ಮುಗಿದಳು.

"ನಿನ್ನ ಮುಳ್ಳಿನಾಗ ನಾಕು ಕೊಡಪ್ಪಾ. ನನ್ನ ಗಿಡದ ಕಾಯಿಗೆ ಬೇಕು."

ಜಾಲಿಮರ ಕೊಂಬೆ ಅಲ್ಲಾಡಿಸಿತು. "ಕೊಡ್ತೀನಿ. ಆದರ ತಂಗೀ, ಯೋಚನಿ ಮಾಡು. ನನ್ನ ಮುಳ್ಳು ಟೊಂಗಿ ಮ್ಯಾಲ ಇರ್ತಾವು, ಇದ್ದಲ್ಲೇ ಇರ್ತಾವು. ನೀ ಬೀಜಕ್ಕ ಮುಳ್ಳು ಕಟ್ಟಾಕಿ. ಬೀಜ ಗಿಡದಾಗ ನಿಲ್ಲೂದಿಲ್ಲ, ಉದುರತೈತಿ. ಮುಳ್ಳು ಚುಚ್ಚಿದ ಕಾಲು ಎಲ್ಲಿಗೆ ಹೋಗತೈತೋ ಬೀಜಾನೂ ಅಲ್ಲಿಗೆ ಹೋಗತೈತಿ."

"ಕುರಿ ಬಾಯಿ ಹಾಕದಿದ್ದರ ಸಾಕು" ಎಂದಳು ಜಕ್ಕವ್ವ. ಅವಳಿಗೆ ಅವಸರ. ಬೆಳಗ್ಗೆ ಹಿಂಡು ಹೊರಡುವುದಿತ್ತು.

ಅವಳು ಬೆಳಕು ಹರಿಯುವ ಮೊದಲೇ ತಿರುಗಿ ಬಂದು ಕಾಯಿಕಾಯಿಗೂ ಮುಳ್ಳು ಚುಚ್ಚಿದಳು. ಗಿಡ ನೋವು ತಡೆದುಕೊಂಡಿತು. ಬೆಳಗ್ಗೆ ಒಂದು ಕುರಿ ಬಂದು ಮೂತಿ ಇಟ್ಟಿತು, ಚೀರಿ ಹಿಂದೆ ಜಿಗಿಯಿತು. ಮತ್ತೆ ಯಾವ ಕುರಿಯೂ ಬಾಯಿ ಹಾಕಲಿಲ್ಲ. ಜಕ್ಕವ್ವ ದಿಬ್ಬಕ್ಕೆ ಹಣೆ ಹಚ್ಚಿ, "ಬರ್ತೀನಿ ಕೆಂಚೀ" ಎಂದಳು. ತಿರುಗಿ ನೋಡದೆ ನಡೆದಳು.

ಮಳೆ ನಿಂತಿತು. ಬೇಸಿಗೆ ಬಂತು. ಕರಿಮಣ್ಣು ಬಾಯಿ ಬಿಟ್ಟಿತು. ಗಿಡ ಒಣಗಿ, ಮುಳ್ಳುಕಾಯಿಗಳನ್ನು ಉದುರಿಸಿ ಸತ್ತುಹೋಯಿತು. ಆ ಬಯಲಿನಲ್ಲಿ ಎಷ್ಟೋ ಹಿಂಡುಗಳು ಹಾದು ಹೋದವು. ಗೊರಸಿಗೆ ಚುಚ್ಚಿಕೊಂಡ ಕಾಯಿ ನೂರು ಹೆಜ್ಜೆ ಆಚೆ ಬಿತ್ತು. ಉಣ್ಣೆಗೆ ಸಿಕ್ಕಿದ್ದು ಸಾವಿರ ಹೆಜ್ಜೆ ಆಚೆ ಬಿತ್ತು. ಅಲ್ಲೆಲ್ಲ ಹುಟ್ಟಿದ ಗಿಡಗಳು ಮತ್ತೆ ಕಾಯಿ ಉದುರಿಸಿದವು.

ಮರುವರ್ಷ ಬರಲು ಜಕ್ಕವ್ವನಿಗೆ ಆಗಲಿಲ್ಲ. ಮಳೆ ಬೇರೆ ದಿಕ್ಕಿಗೆ ಹೋಯಿತು, ಹಿಂಡೂ ಅದರ ಹಿಂದೆ ಹೋಯಿತು. ಮೂರನೆಯ ವರ್ಷದ ಮಳೆಗಾಲದಲ್ಲಿ ಅವರು ಆ ದಿಕ್ಕಿಗೆ ತಿರುಗಿದರು. ಬಯಲು ಹತ್ತಿರವಾಗುತ್ತಿದ್ದಂತೆ ಜಕ್ಕವ್ವ ಎಲ್ಲರನ್ನೂ ಹಿಂದೆ ಬಿಟ್ಟು ಓಡಿದಳು. ಏರು ಹತ್ತಿ ನಿಂತು ಕೆಳಗೆ ನೋಡಿದಳು.

ಇಡೀ ಬಯಲು ಹಳದಿಯಾಗಿತ್ತು.

ಅವಳು ಹುಡುಕುತ್ತ ಬಂದದ್ದು ಒಂದು ಹಳದಿ ಚುಕ್ಕೆಯನ್ನು. ಈಗ ಈ ತುದಿಯಿಂದ ಆ ತುದಿಯವರೆಗೆ ಎಲ್ಲಿ ನೋಡಿದರೂ ಅದೇ ಗಿಡ, ಅದೇ ಐದೆಸಳಿನ ಹೂವು. ಎಲ್ಲವೂ ನೆಲಕ್ಕೆ ಎದೆಹಚ್ಚಿ ಮಲಗಿದ್ದವು. ದಿಬ್ಬ ಎಲ್ಲೂ ಇರಲಿಲ್ಲ.

ಅವಳು ಮೊದಲ ಗಿಡದ ಹತ್ತಿರ ಕೂತಳು. "ನನ್ನ ಕೆಂಚಿ ಎಲ್ಲಿ ಅದಾಳಪ್ಪಾ?"

"ಇಲ್ಲೇ, ನನ್ನ ಕೆಳಗ" ಎಂದಿತು ಗಿಡ.

ಎರಡನೆಯದನ್ನು ಕೇಳಿದಳು. "ನನ್ನ ಕೆಳಗ ಅದಾಳ" ಎಂದಿತು ಅದೂ.

ಹತ್ತನೆಯದು, ನೂರನೆಯದು, ಎಲ್ಲವೂ ಹಾಗೇ ಹೇಳಿದವು. ಸುಳ್ಳು ಹೇಳುತ್ತಿರಲಿಲ್ಲ. ಅವು ಅದನ್ನೇ ನಂಬಿದ್ದವು.

"ನಾವು ಈ ಮಳಿಗೆ ಹುಟ್ಟಿದವರು ಯವ್ವಾ" ಎಂದಿತು ಒಂದು ಎಳೆ ಗಿಡ. "ನಮ್ಮವ್ವ ಬ್ಯಾಸಗಿಯಾಗ ಸತ್ತಳು. ಆಕಿ ಅವ್ವ ಅದರ ಹಿಂದಿನ ಬ್ಯಾಸಗಿಯಾಗ. ಮೊದಲಿನ ಜಾಗ ಕಂಡವರು ನಮ್ಮಾಗ ಯಾರೂ ಇಲ್ಲ. ಬೀಜದಾಗ ಇದ್ದಾಗ ನಮಗ ಕೇಳಿದ್ದು ಇಷ್ಟೇ. ಒಂದು ಕೂಸು ಮಲಗೈತಿ, ಬಿಡಬ್ಯಾಡ ಅಂತ."

ಜಕ್ಕವ್ವ ಹಗಲೆಲ್ಲ ಆ ಬಯಲು ತಿರುಗಿದಳು. ಮುಳ್ಳು ಅಂಗಾಲಿಗೆ ಚುಚ್ಚಿದವು. ಕಿತ್ತು ಹಾಕಲೂ ನಿಲ್ಲಲಿಲ್ಲ. ಹೊತ್ತು ಇಳಿಯುವಾಗ ಮಾಳಪ್ಪ ಬಂದು ಅವಳ ರಟ್ಟೆ ಹಿಡಿದು ಕೂರಿಸಿದ. ಅವಳ ಕಾಲು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಮುಳ್ಳು ತೆಗೆಯತೊಡಗಿದ. ತೆಗೆದದ್ದನ್ನು ದೂರ ಎಸೆಯಲು ಕೈ ಎತ್ತಿದ.

"ಒಗೀಬ್ಯಾಡ್ರಿ" ಎಂದಳು ಜಕ್ಕವ್ವ. "ಇಲ್ಲೇ ಇಡ್ರಿ. ಪಾಪ, ಅವೇನು ಮಾಡ್ಯಾವು. ನಾ ಹೇಳಿದ್ದನ್ನೇ ಮಾಡ್ಯಾವು."

ಮಾಳಪ್ಪ ಮುಳ್ಳುಗಳನ್ನು ಅವಳ ಪಕ್ಕದಲ್ಲಿ ನೆಲದ ಮೇಲಿಟ್ಟ. ಮರುದಿನ ಹಿಂಡು ಮುಂದೆ ಹೊರಟಿತು, ಅವರೂ ಹೊರಟರು. ಮಗಳ ಜಾಗ ಅವಳಿಗೆ ಆ ವರ್ಷ ಸಿಗಲಿಲ್ಲ, ಮುಂದೆ ಯಾವ ವರ್ಷವೂ ಸಿಗಲಿಲ್ಲ.

ಆಮೇಲೆ ಲೋಕ ಹಳೆಯದಾಯಿತು. ಗಿಡಗಳು ಮಾತು ನಿಲ್ಲಿಸಿದವು. ಜನ ಊರು ಕಟ್ಟಿದರು, ಆ ಗಿಡಕ್ಕೆ ನೆಗ್ಗಿಲು ಎಂದು ಹೆಸರಿಟ್ಟರು, ಕಾಲಿಗೆ ಚುಚ್ಚಿದಾಗಲೆಲ್ಲ ಅದನ್ನು ಬೈದರು.

ಅದಕ್ಕೇ ಮಕ್ಕಳೇ, ಮಳೆ ಬಿದ್ದ ಮೇಲೆ ನೀವು ಬಯಲಿಗೋ ದಾರಿಯ ಅಂಚಿಗೋ ಹೋದರೆ, ನೆಗ್ಗಿಲು ಇವತ್ತಿಗೂ ತಲೆ ಎತ್ತದೆ, ಮುಳ್ಳುಕಾಯಿ ಹೊತ್ತುಕೊಂಡು, ನಾಲ್ಕೂ ಕಡೆ ತೋಳು ಚಾಚಿ, ತನ್ನ ಕೆಳಗೆ ಯಾರೂ ಇಲ್ಲದ ನೆಲವನ್ನು ಗಟ್ಟಿಯಾಗಿ ಅಪ್ಪಿಕೊಂಡು ಮಲಗಿರುತ್ತದೆ.