ಅಜ್ಜಪ್ಪನ ಮೇಲೊಂದು ದೂರು

ತುಂಗಭದ್ರೆಯ ದಂಡೆಯಲ್ಲಿ ದಸ್ತಗೀರ್ ಸಾಬರ ಗ್ಯಾರೇಜು ಇತ್ತು. ಅಲ್ಲಿ ಕೆಲಸ ಕಲಿತವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು, ಅಂದರೆ ಗುರು ಎಂದು.

ಒಂದು ಬೆಳಿಗ್ಗೆ ಹಿರಿಯ ಶಿಷ್ಯ ಹಾಲೇಶ ಒಂದು ಕಾಗದ ತಂದು ಅವರ ಮುಂದೆ ಹಿಡಿದ.

"ಸಹಿ ಹಾಕಿ ಉಸ್ತಾದ್. ಬಿಡಿಭಾಗದ ಅಂಗಡಿ ಅಜ್ಜಪ್ಪನ ಮೇಲೆ ದೂರು. ಮೆಕ್ಯಾನಿಕ್ ಸಂಘಕ್ಕೆ ಕೊಡ್ತೀನಿ."

ಉಸ್ತಾದರ ಸಹಿ ಬಿದ್ದರೆ ಊರಿನ ಯಾವ ಗ್ಯಾರೇಜಿನವರೂ ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ತಿಂಗಳೊಳಗೆ ಅಜ್ಜಪ್ಪ ಬಾಗಿಲು ಹಾಕಬೇಕಾಗುತ್ತಿತ್ತು. ಇದು ಇಬ್ಬರಿಗೂ ಗೊತ್ತಿತ್ತು.

"ಏನು ಮಾಡಿದ?"

"ಮೋಸ. ಈ ಬಿಳಿ ಕಾರಿಗೆ ಎರಡು ಸಲ ಸೊಲೆನಾಯ್ಡ್ ಕೊಟ್ಟ, ಎರಡೂ ಕೆಟ್ಟವು. ಎಂಜಿನ್ ಕೆಟ್ಟಿದೆ ಅನ್ನೋ ದೀಪ ಆರ್ತಾನೇ ಇಲ್ಲ. ನಿನ್ನೆ ಅಂಗಡಿ ಮುಂದೆ ನಿಂತು ನಾಲ್ಕು ಜನ ಕೇಳೋ ಹಾಗೆ ಬೈದೆ. ಏನಂದ ಗೊತ್ತಾ? 'ತಂತಿ ನೋಡಿದ್ಯೇನಪ್ಪಾ' ಅಂದ. ಗಲ್ಲಾ ಮೇಲೆ ಕೂರೋನು ನನಗೆ ಪಾಠ ಹೇಳ್ತಾನೆ."

ಸೊಲೆನಾಯ್ಡ್ ಎಂದರೆ ಬೆರಳುದ್ದದ ಒಂದು ವಿದ್ಯುತ್ ಭಾಗ. ಕೆರೆಯ ತೂಬಿನ ಹಾಗೆ ಅದು ಎಣ್ಣೆಯ ದಾರಿಯನ್ನು ತೆರೆದು ಮುಚ್ಚುತ್ತದೆ. ಆ ಎಣ್ಣೆಯ ಒತ್ತಡದಿಂದ, ಎಂಜಿನ್ನಿನ ವಾಲ್ವುಗಳು ತೆರೆಯುವ ಸಮಯ ವೇಗಕ್ಕೆ ತಕ್ಕಂತೆ ಹಿಂದೆ ಮುಂದೆ ಆಗುತ್ತದೆ. ಅದಕ್ಕಿರುವುದು ಎರಡೇ ತಂತಿ. ಒಂದು ಕರೆಂಟು ತರುತ್ತದೆ, ಇನ್ನೊಂದು ಕಾರಿನ ಕಂಪ್ಯೂಟರಿಗೆ ಹೋಗುತ್ತದೆ.

"ಸ್ಕ್ಯಾನರ್ ಏನು ಹೇಳ್ತು?"

"ಸೊಲೆನಾಯ್ಡ್ ಅಂತ."

"ಪೂರ್ತಿ ಓದು."

ಹಾಲೇಶ ಮುಖ ಗಂಟಿಕ್ಕಿಕೊಂಡು, ಕಾರಿನ ಕಂಪ್ಯೂಟರ್ ಗುರುತಿಸಿದ ದೋಷವನ್ನು ತೋರಿಸುವ ಆ ಸ್ಕ್ಯಾನರಿನ ಪರದೆ ಓದಿದ. "ಸೊಲೆನಾಯ್ಡ್ ಸರ್ಕ್ಯೂಟ್."

ಸರ್ಕ್ಯೂಟ್ ಎಂದರೆ ಆ ಭಾಗವೊಂದೇ ಅಲ್ಲ, ಅದರ ತಂತಿಗಳೂ ಸೇರಿದ ಪೂರ್ತಿ ಸುತ್ತು.

"ತಂತಿನೂ ನೋಡಿದೀನಿ ಉಸ್ತಾದ್. ನಾನೇನು ನಿನ್ನೆ ಸ್ಪ್ಯಾನರ್ ಹಿಡಿದವನಾ? ಮೀಟರ್ ಇಟ್ಟೆ, ಹನ್ನೆರಡು ವೋಲ್ಟ್ ತೋರಿಸ್ತು."

ಉಸ್ತಾದ್ ಮೂರೂ ಸೊಲೆನಾಯ್ಡ್ ತರಿಸಿದರು. ಒಂದು ಕಾರಿನ ಮೊದಲಿನದು, ಎರಡು ಅಜ್ಜಪ್ಪ ಕೊಟ್ಟವು. ಒಂದೊಂದನ್ನೇ ನೇರವಾಗಿ ಬ್ಯಾಟರಿಗೆ ಮುಟ್ಟಿಸಿದರು.

ಟಕ್. ಟಕ್. ಟಕ್.

ಮೂರಕ್ಕೂ ಜೀವವಿತ್ತು.

"ಬ್ಯಾಟರಿ ಮೇಲೆ ಎಲ್ಲವೂ ಕುಣೀತಾವೆ," ಎಂದ ಹಾಲೇಶ. "ಎಂಜಿನ್ ಬಿಸಿಯಾದಾಗ ಸಾಯೋ ಮಾಲು ಇವು. ಅವನ ಪರ ಮಾತಾಡಬೇಡಿ."

ಉಸ್ತಾದ್ ಇಂಡಿಕೇಟರಿನ ಒಂದು ಬಲ್ಬು ತೆಗೆದು, ಕರೆಂಟು ತರುವ ತಂತಿಗೆ ಕಟ್ಟಿದರು. ಬಲ್ಬು ಉರಿಯಲಿಲ್ಲ. ಒಳಗಿನ ಎಳೆ ಕೆಂಪಗೆ ಮಿಣುಕಿತು, ಅಷ್ಟೇ.

"ಹನ್ನೆರಡು ಇತ್ತಲ್ಲ," ಎಂದ ಹಾಲೇಶ.

"ಮೀಟರ್ ಬರೀ ಕ್ಷೇಮ ವಿಚಾರಿಸ್ತು. ಬಲ್ಬು ಕೆಲಸ ಹೇಳ್ತು." ಮೀಟರಿಗೆ ಹನಿಯಷ್ಟು ಕರೆಂಟು ಹರಿದರೂ ಸಾಕು, ಬಲ್ಬು ಉರಿಯಲು ತುಂಬಾ ಬೇಕು.

ಉಸ್ತಾದ್ ತಂತಿಯ ಮೇಲೆ ಬೆರಳು ಆಡಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಸಿಪ್ಪೆ ಸುಲಿದರೆ ತಾಮ್ರ ಹಸಿರು ಪುಡಿಯಾಗಿತ್ತು. ಒಂದೋ ಎರಡೋ ಎಳೆ ಉಳಿದಿದ್ದವು. ಸಿಪ್ಪೆಯಲ್ಲಿ ಒಂದು ಸಣ್ಣ ತೂತಿತ್ತು.

ಟೆಸ್ಟ್ ಲ್ಯಾಂಪಿನ ಸೂಜಿಯಿಂದ ತಂತಿಯನ್ನು ಚುಚ್ಚಿ ಕರೆಂಟು ನೋಡುವುದು ಗ್ಯಾರೇಜುಗಳ ಹಳೆಯ ಅಭ್ಯಾಸ. ಆಮೇಲೆ ಟೇಪು ಸುತ್ತದಿದ್ದರೆ ತೂತಿನಿಂದ ನೀರಿಳಿದು ತಾಮ್ರವನ್ನು ತಿನ್ನುತ್ತದೆ.

ಹಾಲೇಶನ ಮೈಯೆಲ್ಲ ಉರಿಯಿತು.

"ಯಾವ ಅಡ್ನಾಡಿ ಚುಚ್ಚಿದ ಇದನ್ನ? ಒಂದು ಸುತ್ತು ಟೇಪು ಹಾಕೋಕೆ ಕೈ ಸೇದಿಹೋಗಿತ್ತಾ? ಇವನಿಂದ ಒಬ್ಬ ಸಾಚಾ ಮನುಷ್ಯನ್ನ ಬೀದೀಲಿ ನಿಲ್ಲಿಸಿ ಬೈದೆ ನಾನು. ಹೆಸರು ಗೊತ್ತಾಗಲಿ, ಸಂಘದ ಮುಂದೆ ತಂದು ನಿಲ್ಲಿಸ್ತೀನಿ. ಇಂಥೋನು ಈ ಊರಲ್ಲಿ ಗ್ಯಾರೇಜ್ ನಡೆಸಬಾರದು."

"ಹೋದ ದೀಪಾವಳಿಗೆ ಈ ಕಾರು ಇಲ್ಲಿಗೇ ಬಂದಿತ್ತು," ಎಂದರು ಉಸ್ತಾದ್. "ನೀನು ರಜಾದಲ್ಲಿದ್ದೆ. ಚುಚ್ಚಿದ್ದು ನಾನು."

ಹಾಲೇಶ ದೂರಿನ ಕಾಗದವನ್ನು ಮೆಲ್ಲಗೆ ಮಡಚಿ ಜೇಬಿಗೆ ಇಡಲು ಹೋದ.

ಉಸ್ತಾದ್ ಕೈಗೆ ಹತ್ತಿದ ಹಸಿರು ಪುಡಿಯನ್ನು ಒರೆಸಿಕೊಂಡು ಪೆನ್ನು ಕೇಳಿದರು.

"ಯಾಕೆ ಮಡಚ್ತೀಯಾ? ಹೆಸರು ಬದಲಿಸು, ಸಹಿ ಹಾಕ್ತೀನಿ."